ಕಾಲೇಜಿನ ಬಾಗಿಲಲ್ಲಿ ಯಾವ ಸರ್ಟಿಫಿಕೇಟು ನಡೆಯುತ್ತದೆ?



ಮೇ 1ರಂದು ಶ್ರಮಿಕ ಸಂತ ಜೋಸೆಫರ ಹಬ್ಬ. 1955ರಲ್ಲಿ ಜಗದ್ಗುರು 12ನೇ ಪಯಸ್‌ರವರು ಈ ಹಬ್ಬವನ್ನು ಸ್ಥಾಪಿಸಿದರು. ಹಬ್ಬದ ಪ್ರಬೋಧನೆಯನ್ನು ತಾವು ಬೇರೆ ಪುಟದಲ್ಲಿ ಓದುತ್ತೀರಿ. ಇದೇ ತಿಂಗಳಲ್ಲಿ ನಮ್ಮ ಮನೆಗಳಲ್ಲಿ ಎದ್ದು ನಿಲ್ಲುವ ಒಂದು ಪ್ರಶ್ನೆಯನ್ನು ಇಲ್ಲಿ ವಿವರಿಸಲು ಬಯಸುತ್ತೇವೆ. ಎಸ್ಸೆಸ್ಸೆಲ್ಸಿ ಫಲಿತಾಂಶದ ಕಾವು ಆರುವ ಮೊದಲೇ, ಜೂನ್‌ನಲ್ಲಿ ಎಂಟನೇ ತರಗತಿಗೋ ಒಂಬತ್ತನೇ ತರಗತಿಗೋ ಹೋಗಲಿರುವ ಮಕ್ಕಳ ತಂದೆತಾಯಂದಿರು ಪೂಜೆ ಮುಗಿದ ಮೇಲೆ ಗುಡಿಯ ಅಂಗಳದಲ್ಲಿ ನಿಂತು ಕೇಳುತ್ತಾರೆ: "ಫಾದರ್, ಈಗೆಲ್ಲ ಮಾರ್ಕ್ಸ್ ಒಂದೇ ಸಾಲ್ದಂತೆ. ನಮ್ ಹೈದಂಗೆ ಎಷ್ಟು ಸರ್ಟಿಫಿಕೇಟ್ ಇದ್ರೆ ಒಳ್ಳೆ ಕಾಲೇಜ್ ಸಿಕ್ತದೆ?"

ಈ ಪ್ರಶ್ನೆಯ ಹಿಂದೆ ದುಡ್ಡಿದೆ. ಹೊಳೆನರಸೀಪುರದಿಂದ ಹಾಸನಕ್ಕೆ ವಾರಕ್ಕೆ ಮೂರು ದಿನ ಬಸ್ಸಿನಲ್ಲಿ ಹೋಗಿ ಬರುವ ಮಗುವಿನ ದಣಿವಿದೆ. ಕರಾಟೆ, ಅಬ್ಯಾಕಸ್, ಕೀಬೋರ್ಡ್, ಕೈಬರಹದ ತರಗತಿ ಎಂದು ಹಾಲು ಮಾರಿದ ಹಣ, ಶುಂಠಿ ಮಾರಿದ ಹಣ ಕರಗುತ್ತಿದೆ. ಆದ್ದರಿಂದ ವಿಷಯವನ್ನು ನೇರವಾಗಿಯೇ ಹೇಳಬೇಕು.

ನಮ್ಮ ರಾಜ್ಯದಲ್ಲಿ ಬಹುಪಾಲು ಮಕ್ಕಳ ಕಾಲೇಜು ಪ್ರವೇಶಕ್ಕೆ ಪಾಠದಾಚೆಯ ಚಟುವಟಿಕೆ ಒಂದು ಅಂಕವನ್ನೂ ಸೇರಿಸುವುದಿಲ್ಲ. ಪಿಯುಸಿಗೆ ನೋಡುವುದು ಎಸ್ಸೆಸ್ಸೆಲ್ಸಿ ಅಂಕ ಮತ್ತು ಮೀಸಲಾತಿ. ಇಂಜಿನಿಯರಿಂಗ್‌ಗೆ ಪಿಯುಸಿಯ ಅಂಕ ಅರ್ಧ, ಸಿಇಟಿಯ ಅಂಕ ಅರ್ಧ ಸೇರಿ ರ್‍ಯಾಂಕ್ ಆಗುತ್ತದೆ. ವೈದ್ಯಕೀಯಕ್ಕೆ ನೀಟ್ ಒಂದೇ. ಬಿ.ಎ., ಬಿ.ಕಾಂ., ಬಿ.ಎಸ್ಸಿ.ಗೆ ಬಹುತೇಕ ಕಡೆ ಪಿಯುಸಿಯ ಅಂಕಪಟ್ಟಿ ಸಾಕು. ಪ್ಲಾಸ್ಟಿಕ್ ಹಾಳೆಗಳಲ್ಲಿ ಜೋಡಿಸಿಟ್ಟ ಮೂವತ್ತು ಸರ್ಟಿಫಿಕೇಟುಗಳ ಕಡತವನ್ನು ಈ ಸಾಲುಗಳಲ್ಲಿ ಯಾರೂ ತೆರೆದು ನೋಡುವುದಿಲ್ಲ.

ಹಾಗಾದರೆ ಎಲ್ಲಿಯೂ ಲೆಕ್ಕಕ್ಕಿಲ್ಲವೇ? ಇದೆ. ಆದರೆ ಆ ಬಾಗಿಲುಗಳು ಕಿರಿದು, ಪ್ರತಿಯೊಂದಕ್ಕೂ ಅದರದೇ ಬೀಗದ ಕೈ ಬೇಕು.

ಮೊದಲನೆಯದು ಕರ್ನಾಟಕ ಪರೀಕ್ಷಾ ಪ್ರಾಧಿಕಾರದ, ಅಂದರೆ ಕೆಇಎಯ, ವಿಶೇಷ ವರ್ಗಗಳು. ಕ್ರೀಡೆ, ಎನ್‌ಸಿಸಿ, ಸ್ಕೌಟ್ಸ್ ಮತ್ತು ಗೈಡ್ಸ್‌ನಲ್ಲಿ ಸಾಧನೆ ಮಾಡಿದವರಿಗೆ ಕೆಲವು ಸೀಟುಗಳನ್ನು ಪ್ರತ್ಯೇಕವಾಗಿ ಇಟ್ಟಿರುತ್ತಾರೆ. ಇಡೀ ರಾಜ್ಯದ ಮಕ್ಕಳು ಆ ಸೀಟುಗಳಿಗೆ ಪೈಪೋಟಿ ನಡೆಸುತ್ತಾರೆ. ಯಾವ ಮಟ್ಟದ ಸಾಧನೆಗೆ ಯಾವ ಸ್ಥಾನ ಎಂಬುದನ್ನು ಪ್ರತಿ ವರ್ಷದ ಮಾಹಿತಿ ಪುಸ್ತಿಕೆಯಲ್ಲಿ ಮುದ್ರಿಸಿರುತ್ತಾರೆ. ಅದನ್ನು ಓದುವವರು ಕಡಿಮೆ. ಓದಿದವರಿಗೆ ಒಂದು ಸಂಗತಿ ಹೊಳೆಯುತ್ತದೆ: ಅಲ್ಲಿ ಬೆಲೆ ಇರುವುದು ಮಾನ್ಯತೆ ಪಡೆದ ಸಂಸ್ಥೆಗಳು ನಡೆಸಿದ ಉನ್ನತ ಮಟ್ಟದ ಸ್ಪರ್ಧೆ ಮತ್ತು ಶಿಬಿರಗಳಿಗೆ.

ಇಲ್ಲಿಯೇ ನಮ್ಮ ಜನ ಮೋಸ ಹೋಗುವುದು. ಶಾಲಾ ಕ್ರೀಡೆಗಳಿಗೆ ಒಂದು ಏಣಿ ಇದೆ. ಹೋಬಳಿ, ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ, ಆಮೇಲೆ ರಾಷ್ಟ್ರ. ನಮ್ಮ ಮಕ್ಕಳು ಹಾಸನದಲ್ಲಿ ಗೆದ್ದರೆ ಮೈಸೂರು ವಿಭಾಗಕ್ಕೆ ಹೋಗಿ ಅಲ್ಲಿಯೂ ಗೆಲ್ಲಬೇಕು. ಈ ಏಣಿಯನ್ನು ಹತ್ತದೆಯೇ, ದೂರದ ಯಾವುದೋ ಊರಿನ ಸಭಾಂಗಣದಲ್ಲಿ ಒಂದೇ ಭಾನುವಾರ ನಡೆಯುವ 'ನ್ಯಾಷನಲ್ ಲೆವೆಲ್' ಸ್ಪರ್ಧೆಗೆ ಹೋಗಿ, ಪ್ರವೇಶ ಶುಲ್ಕ ಕಟ್ಟಿದ ಪ್ರತಿಯೊಬ್ಬರಿಗೂ ಸಿಗುವ ಪದಕವನ್ನು ಕೊರಳಿಗೆ ಹಾಕಿಕೊಂಡು ಬರುವವರಿದ್ದಾರೆ. ನಮ್ಮ ಪರಿಚಯದ ಒಂದು ಮನೆಯಲ್ಲಿ ಇಂಥ ಪ್ರಯಾಣಕ್ಕಾಗಿ ತಾಯಿಯ ಓಲೆ ಅಡವಿಗೆ ಹೋಯಿತು. ಹುಡುಗನಿಗೆ ಸಂತೋಷವಾಯಿತು, ಫೋಟೋ ಚೆನ್ನಾಗಿ ಬಂತು, ಆದರೆ ಆ ಕಾಗದ ಸಿಇಟಿಗೂ ಬರಲಿಲ್ಲ, ಕಾಲೇಜಿಗೂ ಬರಲಿಲ್ಲ. ಆಟಕ್ಕಾಗಿ ಹೋಗುವುದಾದರೆ ಹೋಗಲಿ. ಸೀಟಿಗಾಗಿ ಎಂದು ಹೋಗುವ ಮೊದಲು, ಆ ಸ್ಪರ್ಧೆ ನಡೆಸುವವರಿಗೆ ಮಾನ್ಯತೆ ಇದೆಯೇ ಎಂದು ಶಾಲೆಯ ದೈಹಿಕ ಶಿಕ್ಷಕರನ್ನೋ ಹಾಸನದ ಯುವಜನ ಸೇವೆ ಮತ್ತು ಕ್ರೀಡಾ ಇಲಾಖೆಯ ಕಚೇರಿಯನ್ನೋ ಒಮ್ಮೆ ಕೇಳಿ. ಕೇಳಲು ಖರ್ಚಿಲ್ಲ.

ನಿಜವಾಗಿ ಕಾಲಿನಲ್ಲಿ ವೇಗ ಇರುವ, ತೋಳಿನಲ್ಲಿ ಬಲ ಇರುವ ಮಗುವಿಗೆ ಪಿಯುಸಿಯಲ್ಲಿಯೇ ಒಂದು ದಾರಿ ಇದೆ. ಶಿರಾಡಿ ಘಾಟಿ ಇಳಿದು ಹೋದರೆ ಮೂಡುಬಿದಿರೆಯ ಆಳ್ವಾಸ್ ಸಂಸ್ಥೆ. ಕ್ರೀಡೆ ಮತ್ತು ಸಾಂಸ್ಕೃತಿಕ ಪ್ರತಿಭೆಯುಳ್ಳ ಮಕ್ಕಳನ್ನು ದತ್ತು ತೆಗೆದುಕೊಂಡು ಉಚಿತವಾಗಿ ಓದಿಸುವುದಕ್ಕೆ ಅದು ಹೆಸರಾಗಿದೆ. ಅಲ್ಲಿ ಮಗುವನ್ನು ಮೈದಾನಕ್ಕಿಳಿಸಿ ನೋಡುತ್ತಾರೆ. ಕಾಗದ ಸುಳ್ಳು ಹೇಳಬಹುದು, ಸ್ಟಾಪ್‌ವಾಚ್ ಹೇಳುವುದಿಲ್ಲ. ದೆಹಲಿ ವಿಶ್ವವಿದ್ಯಾಲಯದ ಕಾಲೇಜುಗಳೂ ಕ್ರೀಡೆ ಮತ್ತು ಇತರ ಚಟುವಟಿಕೆಗಳಿಗೆ ಸೇರಿ ಗರಿಷ್ಠ ಶೇ. 5ರಷ್ಟು ಸೀಟು ಕೊಡುತ್ತವೆ. ಮದ್ರಾಸ್ ಐಐಟಿ 2024ರಿಂದ ಉತ್ತಮ ಕ್ರೀಡಾಪಟುಗಳಿಗೆ ಪ್ರತಿ ಕೋರ್ಸಿನಲ್ಲಿ ಎರಡು ಹೆಚ್ಚುವರಿ ಸೀಟು ಇಟ್ಟಿದೆ. ಆದರೆ ಜೆಇಇ ಅಡ್ವಾನ್ಸ್‌ಡ್‌ನಲ್ಲಿ ತೇರ್ಗಡೆಯಾಗಿಯೇ ಅಲ್ಲಿಗೆ ಬರಬೇಕು. ಓದು ಬಿಟ್ಟವರಿಗೆ ಆಟ ಕೈಹಿಡಿಯುತ್ತದೆ ಎಂಬ ಮಾತು ಅಲ್ಲಿಯೂ ನಡೆಯದು.

ಎರಡನೆಯದು ಎನ್‌ಸಿಸಿ ಮತ್ತು ಸ್ಕೌಟ್ಸ್. ಇವುಗಳಲ್ಲಿ ಮುಖ್ಯವಾದದ್ದು ಕಾಲ. ಎನ್‌ಸಿಸಿ ಕಿರಿಯರ ವಿಭಾಗಕ್ಕೆ ಸೇರಿಸಿಕೊಳ್ಳುವುದು ಎಂಟು ಅಥವಾ ಒಂಬತ್ತನೇ ತರಗತಿಯಲ್ಲಿ. ಎರಡು ವರ್ಷದ ತರಬೇತಿ ಮುಗಿಸಿ 'ಎ' ಸರ್ಟಿಫಿಕೇಟು ಪರೀಕ್ಷೆ ಬರೆಯುತ್ತಾರೆ. 'ಬಿ' ಮತ್ತು 'ಸಿ' ಕಾಲೇಜಿನಲ್ಲಿ. ಹತ್ತನೇ ತರಗತಿಗೆ ಬಂದ ಮೇಲೆ "ಸೇರಿಸಿಕೊಳ್ಳಿ ಸಾರ್" ಎಂದರೆ ಗಾಡಿ ಹೋಗಿಬಿಟ್ಟಿರುತ್ತದೆ. ಸ್ಕೌಟ್ಸ್ ಮತ್ತು ಗೈಡ್ಸ್‌ನಲ್ಲಿಯೂ ಪ್ರವೇಶ, ಪ್ರಥಮ ಸೋಪಾನ, ದ್ವಿತೀಯ ಸೋಪಾನ, ತೃತೀಯ ಸೋಪಾನ, ರಾಜ್ಯ ಪುರಸ್ಕಾರ, ರಾಷ್ಟ್ರಪತಿ ಪುರಸ್ಕಾರ ಎಂದು ಮೆಟ್ಟಿಲು ಮೆಟ್ಟಿಲಾಗಿ ಏರಬೇಕು. ಯಾವ ಮೆಟ್ಟಿಲನ್ನೂ ಹಾರಲು ಬಿಡುವುದಿಲ್ಲ. ನಿಮ್ಮ ಶಾಲೆಯಲ್ಲಿ ಇವೆರಡರಲ್ಲಿ ಯಾವುದಿದೆ ಎಂದು ಜೂನ್‌ನ ಮೊದಲ ವಾರದಲ್ಲಿಯೇ ತಿಳಿದುಕೊಳ್ಳಿ.

ಹೆಣ್ಣುಮಕ್ಕಳ ಬಗ್ಗೆ ಒಂದು ಮಾತು. "ಹತ್ತು ದಿನ ಕ್ಯಾಂಪು ಅಂತಾರೆ ಫಾದರ್, ಹೆಣ್ಣುಡುಗೀನ ಹೆಂಗ್ ಕಳ್ಸೋದು?" ಎಂದು ತಾಯಂದಿರು ಕೇಳುತ್ತಾರೆ. ಅವರ ಭಯವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಜೊತೆಗೆ ಯಾವ ಶಿಕ್ಷಕಿ ಹೋಗುತ್ತಾರೆ, ಎಲ್ಲಿ ಉಳಿಸುತ್ತಾರೆ ಎಂದು ಕೇಳಿ ತಿಳಿಯುವುದು ನಿಮ್ಮ ಹಕ್ಕು. ಆದರೆ ಒಂದು ಸಂಗತಿ ನೆನಪಿರಲಿ. ರಾಷ್ಟ್ರೀಯ ರಕ್ಷಣಾ ಅಕಾಡೆಮಿ, ಅಂದರೆ ಎನ್‌ಡಿಎ, ಸುಪ್ರೀಂ ಕೋರ್ಟಿನ 2021ರ ಆದೇಶದ ನಂತರ ಹೆಣ್ಣುಮಕ್ಕಳಿಗೂ ತೆರೆದಿದೆ. ಅದರ ಆಯ್ಕೆಯಲ್ಲಿ ಲಿಖಿತ ಪರೀಕ್ಷೆಗೆ 900 ಅಂಕ, ಸಂದರ್ಶನ ಮಂಡಳಿಗೆ ಇನ್ನೂ 900 ಅಂಕ. ಅಂದರೆ ಅರ್ಧಕ್ಕೆ ಅರ್ಧ. ಆ ಮಂಡಳಿಯ ಮುಂದೆ ತುಂಬುವ ಪ್ರಶ್ನಾವಳಿಯಲ್ಲಿ ಯಾವ ಆಟ ಆಡುತ್ತೀರಿ, ಎನ್‌ಸಿಸಿ ತರಬೇತಿ ಇದೆಯೇ, ಏನೇನು ಜವಾಬ್ದಾರಿ ಹೊತ್ತಿದ್ದೀರಿ ಎಂದು ಕೇಳುತ್ತಾರೆ. ಗುಂಪಿನಲ್ಲಿ ನಿಲ್ಲಿಸಿ ಹಲಗೆ, ಹಗ್ಗ, ಡ್ರಮ್ಮು ಕೊಟ್ಟು ಅಡೆತಡೆ ದಾಟಿಸುತ್ತಾರೆ. ಮನೆಯಿಂದ ಹೊರಗೆ ಒಂದು ರಾತ್ರಿಯೂ ತಂಗದ ಹುಡುಗಿಗೆ ಅಲ್ಲಿ ಐದು ದಿನ ಕಳೆಯುವುದೇ ಪರೀಕ್ಷೆಯಾಗುತ್ತದೆ. ಇನ್ನು ಪದವಿಯಲ್ಲಿ ಎನ್‌ಸಿಸಿ 'ಸಿ' ಸರ್ಟಿಫಿಕೇಟನ್ನು ಒಳ್ಳೆಯ ದರ್ಜೆಯಲ್ಲಿ ಪಡೆದವರಿಗೆ, ಲಿಖಿತ ಪರೀಕ್ಷೆ ಇಲ್ಲದೆಯೇ ಸೇನೆಯ ಅಧಿಕಾರಿ ಹುದ್ದೆಯ ಸಂದರ್ಶನಕ್ಕೆ ಹೋಗುವ ವಿಶೇಷ ಪ್ರವೇಶವೂ ಇದೆ.

ಮೂರನೆಯದನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇವೆ, ಏಕೆಂದರೆ ನಮ್ಮ ನಾಲ್ಕು ತಾಲ್ಲೂಕುಗಳ ಮನೆಗಳಿಗೆ ಇದಕ್ಕಿಂತ ಹತ್ತಿರವಾದದ್ದು ಬೇರೆ ಇಲ್ಲ. ಕೃಷಿ, ತೋಟಗಾರಿಕೆ, ರೇಷ್ಮೆ ಮುಂತಾದ ಪದವಿಗಳಲ್ಲಿ ಕೃಷಿಕರ ಮಕ್ಕಳಿಗೆಂದು ದೊಡ್ಡ ಪಾಲು ಸೀಟುಗಳಿವೆ. ಹಿಂದೆ ಶೇ. 40 ಇದ್ದದ್ದು ಈಗ ಶೇ. 50. ಆ ಸೀಟಿಗೆ ಹೋಗಬೇಕಾದರೆ ಕೃಷಿಕ ಕುಟುಂಬವೆಂಬ ಪ್ರಮಾಣಪತ್ರದ ಜೊತೆಗೆ ಒಂದು ಪ್ರಾಯೋಗಿಕ ಪರೀಕ್ಷೆಯನ್ನೂ ಎದುರಿಸಬೇಕು. ಮೇಜಿನ ಮೇಲೆ ಬೀಜ ಇಟ್ಟಿರುತ್ತಾರೆ, ಗೊಬ್ಬರ ಇಟ್ಟಿರುತ್ತಾರೆ, ಸಲಕರಣೆ, ಕಳೆ, ರೋಗ ತಗುಲಿದ ಎಲೆ, ಕೀಟ. ಗುರುತಿಸಿ ಹೆಸರು ಬರೆಯಬೇಕು. ಆ ಅಂಕವೂ ರ್‍ಯಾಂಕಿಗೆ ಸೇರುತ್ತದೆ.

ಈಗ ನಮ್ಮ ಮನೆಗಳನ್ನು ನೋಡಿ. ಇದೇ ತಿಂಗಳು ಹಾಸನದ ಎಪಿಎಂಸಿಗೆ ಜಲಂಧರಿನ ಬಿತ್ತನೆ ಆಲೂಗಡ್ಡೆ ಬಂದಿಳಿಯುತ್ತದೆ. ಅರಕಲಗೂಡಿನ ಕಡೆ ಹೊಗೆಸೊಪ್ಪಿನ ಮಡಿ, ಹೊಳೆಯ ನಾಲೆ ಬಯಲಲ್ಲಿ ಭತ್ತ, ಚನ್ನರಾಯಪಟ್ಟಣದ ಕಡೆ ತೆಂಗು. ಇಂಥ ಮನೆಯ ಮಗುವನ್ನು "ನೀನು ಓದ್ಕೋ, ಹೊಲದ ಕಡೆ ಬರಬೇಡ" ಎಂದು ಒಳಗೆ ಕೂರಿಸುತ್ತೇವೆ. ಆಮೇಲೆ ಪಿಯುಸಿ ಮುಗಿಸಿದ ಅದೇ ಮಗುವನ್ನು ಪ್ರಾಯೋಗಿಕ ಪರೀಕ್ಷೆಯ ತರಬೇತಿಗೆಂದು ದುಡ್ಡು ಕೊಟ್ಟು ಕಳಿಸುತ್ತೇವೆ. ಅಲ್ಲಿ ರಾಗಿ ಬೀಜ ಯಾವುದು, ಸಾಮೆ ಯಾವುದು ಎಂದು ಹೇಳಿಕೊಡುತ್ತಾರೆ! ಅಜ್ಜನ ಜೊತೆ ಒಂದು ಹಂಗಾಮು ಹೊಲ ಸುತ್ತಿದ ಮಗುವಿಗೆ ಆಲೂಗಡ್ಡೆಯ ಅಂಗಮಾರಿ, ಭತ್ತದ ಬೆಂಕಿ ರೋಗ, ತೆಂಗಿನ ಕಪ್ಪುತಲೆ ಹುಳು, ಕೂರಿಗೆ, ಕುಂಟೆ ಎಲ್ಲವೂ ಕಣ್ಣಿನಲ್ಲೇ ಇರುತ್ತವೆ. ಸಂತ ಜೋಸೆಫರು ಮಗನಿಗೆ ಮರಗೆಲಸ ಕಲಿಸಿದ್ದು ಮನೆಯಲ್ಲೇ ಎಂಬುದನ್ನು ಹಬ್ಬದ ದಿನ ಕೇಳಿ ತಲೆದೂಗುವ ನಾವು, ನಮ್ಮ ಕೆಲಸವನ್ನು ಮಕ್ಕಳಿಗೆ ತೋರಿಸಲು ನಾಚುವುದೇಕೋ ತಿಳಿಯದು. ಒಂದು ನೋಟ್ ಪುಸ್ತಕ ಕೊಡಿ. ಯಾವ ದಿನ ಬಿತ್ತಿದ್ದು, ಎಷ್ಟು ಮಳೆ, ಯಾವಾಗ ರೋಗ ಕಂಡಿತು, ಏನು ಸಿಂಪಡಿಸಿದ್ದು, ಎಷ್ಟು ಇಳುವರಿ, ಯಾವ ದರ ಎಂದು ಬರೆದಿಡಲಿ. ಎಂಟನೇ ತರಗತಿಯಿಂದ ಪಿಯುಸಿವರೆಗೆ ಐದು ವರ್ಷದ ಅಂಥ ಪುಸ್ತಕ ಕೈಯಲ್ಲಿರುವ ಮಗು, ಪಕ್ಕದ ಕಾರೇಕೆರೆಯ ಕೃಷಿ ಕಾಲೇಜಿಗೆ ಸೇರಿದರೂ ಸರಿ, ಎಲ್ಲಿಗೆ ಹೋದರೂ ಸರಿ, ಬರಿಗೈಯಲ್ಲಿ ಹೋಗುವುದಿಲ್ಲ.

ಪಟ್ಟಣದ ಮಗುವಿನ ಪದಕಗಳನ್ನು ನೋಡಿ ಕೊರಗುವ ಹಳ್ಳಿಯ ತಂದೆತಾಯಂದಿರಿಗೆ ಇನ್ನೊಂದು ನೆನಪು. ಒಂದರಿಂದ ಹತ್ತರವರೆಗೆ ಗ್ರಾಮೀಣ ಶಾಲೆಯಲ್ಲಿ ಓದಿದವರಿಗೆ ಸಿಇಟಿಯಲ್ಲಿ ಶೇ. 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5 ಮೀಸಲಾತಿ ಇದೆ. ನಿಮ್ಮ ಮಗುವಿಗೆ ಅದು ಅನ್ವಯವಾದರೆ ಬಿಇಒ ಮೇಲುಸಹಿ ಇರುವ ಆ ಒಂದು ಹಾಳೆ ಹತ್ತು ಕರಾಟೆ ಬೆಲ್ಟುಗಳಿಗಿಂತ ಹೆಚ್ಚು ಕೆಲಸ ಮಾಡುತ್ತದೆ. ಸರ್ಕಾರಿ ಮತ್ತು ಅನುದಾನಿತ ಶಾಲೆಯಲ್ಲಿ ಎಂಟನೇ ತರಗತಿಯಲ್ಲಿರುವ ಮಗುವಾದರೆ ಎನ್‌ಎಂಎಂಎಸ್ ಪರೀಕ್ಷೆಗೆ ತಯಾರಾಗಲಿ. ಕಡಿಮೆ ಆದಾಯದ ಮನೆಯ ಮಗು ಆಯ್ಕೆಯಾದರೆ ಒಂಬತ್ತರಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ ವಿದ್ಯಾರ್ಥಿವೇತನ.

ಇನ್ನು ಅರ್ಜಿಯನ್ನು ಓದಿ, ಮಗುವನ್ನು ಕೂರಿಸಿ ಮಾತಾಡಿಸಿ ಸೇರಿಸಿಕೊಳ್ಳುವ ಕಾಲೇಜುಗಳು. ಇಂಥವು ನಮ್ಮಲ್ಲಿ ಕಡಿಮೆ, ಆದರೆ ಹೆಚ್ಚುತ್ತಿವೆ. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ ಪ್ರವೇಶ ಪರೀಕ್ಷೆಯ ಜೊತೆಗೆ ಸಂದರ್ಶನವನ್ನೂ ನಡೆಸುತ್ತದೆ. ಮನೆಯ ಆದಾಯ ನೋಡಿ ಶುಲ್ಕದಲ್ಲಿ ನೆರವು ಕೊಡುತ್ತದೆ. ಗಲ್ಫಿನಲ್ಲೋ ಅಮೆರಿಕದಲ್ಲೋ ಇರುವ ನಮ್ಮ ಬಂಧುಗಳ ಮಕ್ಕಳು ತುಂಬುವ ಅಮೆರಿಕದ ಕಾಮನ್ ಆಪ್ ಅರ್ಜಿಯಲ್ಲಿ ಚಟುವಟಿಕೆಗಳಿಗೆ ಇರುವುದು ಹತ್ತೇ ಸಾಲು, ಒಂದೊಂದರ ವಿವರಣೆಗೆ 150 ಅಕ್ಷರ. ವಾರಕ್ಕೆ ಎಷ್ಟು ಗಂಟೆ, ವರ್ಷಕ್ಕೆ ಎಷ್ಟು ವಾರ ಎಂದೂ ಕೇಳುತ್ತಾರೆ. ಒಂದು ದಿನದ ಸ್ಪರ್ಧೆ ಅಲ್ಲಿ ತಾನಾಗಿ ಚಿಕ್ಕದಾಗಿ ಕಾಣುತ್ತದೆ. ಮನೆಯ ಜವಾಬ್ದಾರಿ, ಅಂದರೆ ತಮ್ಮ ತಂಗಿಯರನ್ನು ನೋಡಿಕೊಂಡದ್ದು, ಅಪ್ಪನ ಅಂಗಡಿಯಲ್ಲಿ ಕೂತದ್ದು ಕೂಡ ಆ ಅರ್ಜಿಯಲ್ಲಿ ಚಟುವಟಿಕೆಯೇ.

ಆದರೂ ಈ ಪದ್ಧತಿಯನ್ನು ಕಣ್ಣುಮುಚ್ಚಿ ಹೊಗಳಬೇಕಾಗಿಲ್ಲ. 'ವ್ಯಕ್ತಿತ್ವ' ನೋಡಿ ಸೇರಿಸಿಕೊಳ್ಳುವ ಕ್ರಮ ಹಾರ್ವರ್ಡ್‌ನಂಥ ಕಡೆ 1920ರ ದಶಕದಲ್ಲಿ ಬಲಗೊಂಡದ್ದು, ಪರೀಕ್ಷೆಯಲ್ಲಿ ಮುಂದಿದ್ದ ಯೆಹೂದಿ ವಿದ್ಯಾರ್ಥಿಗಳ ಸಂಖ್ಯೆಯನ್ನು ತಗ್ಗಿಸುವ ಸಲುವಾಗಿ. ಬರೀ ಅಂಕದ ಪಟ್ಟಿ ಕಠೋರವಾದರೂ ಅದು ಮಗುವಿನ ಅಪ್ಪ ಯಾರು ಎಂದು ಕೇಳುವುದಿಲ್ಲ. ಬಡವರ ಮಕ್ಕಳ ಪಾಲಿಗೆ ಅದು ಸಣ್ಣ ಮಾತಲ್ಲ.

ಹಾಗಾದರೆ ಆರಿಸುವುದು ಹೇಗೆ? ನಮ್ಮ ಅಭಿಪ್ರಾಯ ಇಷ್ಟು: ಒಂದು, ಹೆಚ್ಚೆಂದರೆ ಎರಡು. ಮಗುವೇ ಕೇಳಿದ್ದು, ಬಸ್ಸು ಹತ್ತದೆ ಸಿಗುವಂಥದ್ದು, ಕನಿಷ್ಠ ಮೂರು ವರ್ಷ ನಡೆಯುವಂಥದ್ದು. ಬೈಯದಿದ್ದರೂ ತಾನಾಗಿ ಅದರ ಕಡೆ ಹೋಗುತ್ತದೆಯೇ ಎಂದು ಒಂದು ತಿಂಗಳು ಸುಮ್ಮನೆ ಗಮನಿಸಿ. ಚಿತ್ರ ಬಿಡಿಸುವ ಮಗುವಾದರೆ ಲೋಯರ್, ಹೈಯರ್ ಡ್ರಾಯಿಂಗ್ ಪರೀಕ್ಷೆ ಕಟ್ಟಲಿ. ಮುಂದೆ ವಾಸ್ತುಶಿಲ್ಪಕ್ಕೆ ನಾಟಾ ಪರೀಕ್ಷೆ ಬರೆಯುವಾಗಲೋ, ಮೈಸೂರಿನ ಕಾವಾದಲ್ಲಿ ದೃಶ್ಯಕಲೆಯ ಪದವಿಗೆ ಹೋಗುವಾಗಲೋ ಆ ಕೈ ನೆರವಿಗೆ ಬರುತ್ತದೆ. ಮಾತುಗಾರ ಮಗುವಿಗೆ ಪ್ರತಿಭಾ ಕಾರಂಜಿ ಇದೆ. ಅದರ ಸರ್ಟಿಫಿಕೇಟಿನಿಂದ ಸೀಟು ಸಿಗದು, ಆದರೆ ವೇದಿಕೆಯ ನಡುಕ ಹೋಗುತ್ತದೆ. ಏನಾದರೂ ಬಿಚ್ಚಿ ಜೋಡಿಸುತ್ತಲೇ ಇರುವ ಮಗುವಿಗೆ ಇನ್‌ಸ್ಪೈರ್ ಮಾನಕ್ ಯೋಜನೆ ಇದೆ; ಆಯ್ಕೆಯಾದರೆ ಮಾದರಿ ಮಾಡಲು 10,000 ರೂಪಾಯಿ ಕೊಡುತ್ತಾರೆ. ಒಂದು ಷರತ್ತು: ಮಾದರಿಯನ್ನು ಅಂಗಡಿಯಿಂದ ತಂದು ಕೊಡಬೇಡಿ. ಎರಡು ಪ್ರಶ್ನೆ ಕೇಳಿದರೆ ತೀರ್ಪುಗಾರರಿಗೆ ಗೊತ್ತಾಗುತ್ತದೆ, ಅವಮಾನವಾಗುವುದು ಮಗುವಿಗೆ.

ದುಡ್ಡೇ ಬೇಡದ ಒಂದು ಕೆಲಸವನ್ನು ಉದಾಹರಣೆಗೆ ಹೇಳುತ್ತೇವೆ. ಗೊರೂರಿನ ಹೇಮಾವತಿ ಜಲಾಶಯದ ಹಿನ್ನೀರಿನಲ್ಲಿ ಶೆಟ್ಟಿಹಳ್ಳಿಯ ಜಪಮಾಲೆ ಮಾತೆಯ ಹಳೆಯ ದೇವಾಲಯ ನಿಂತಿದೆ. 19ನೇ ಶತಮಾನದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿದ್ದು. ಮಳೆಗಾಲದಲ್ಲಿ ಮುಳುಗುತ್ತದೆ, ಬೇಸಿಗೆಯಲ್ಲಿ ಮೇಲೇಳುತ್ತದೆ. ಬೆಂಗಳೂರಿನವರು ಬಂದು ಫೋಟೋ ತೆಗೆಸಿಕೊಂಡು ಹೋಗುತ್ತಾರೆ. ಅಣೆಕಟ್ಟು ಬಂದಾಗ ಊರು ಬಿಟ್ಟು ಬೇರೆಡೆ ನೆಲೆಸಿದ ಹಿರಿಯರು ನಮ್ಮ ಕುಟುಂಬಗಳಲ್ಲಿ ಇನ್ನೂ ಇದ್ದಾರೆ. ಅವರ ಮುಂದೆ ಕೂತು, ಮನೆ ಎಲ್ಲಿತ್ತು, ಗದ್ದೆ ಎಷ್ಟಿತ್ತು, ಹಬ್ಬ ಹೇಗೆ ನಡೆಯುತ್ತಿತ್ತು ಎಂದು ಕೇಳಿ ಬರೆದುಕೊಳ್ಳುವ ಹೈಸ್ಕೂಲು ಮಗು ಎಲ್ಲಿದೆ? ಪ್ರತಿ ತಿಂಗಳು ಒಂದೇ ಜಾಗದಿಂದ ನೀರಿನ ಮಟ್ಟದ ಚಿತ್ರ ತೆಗೆದು ಮೂರು ವರ್ಷ ದಿನಾಂಕ ಸಮೇತ ಇಟ್ಟರೆ, ಯಾವ ಸಂದರ್ಶನದಲ್ಲಿಯೂ ಆ ಮಗುವಿಗೆ ಮಾತು ಸಾಲದೆ ಹೋಗುವುದಿಲ್ಲ. (ದೊಡ್ಡವರೊಬ್ಬರು ಜೊತೆಗಿರಲಿ. ಹಿನ್ನೀರಿನ ಕೆಸರು ನಂಬುವಂಥದ್ದಲ್ಲ.)

ಧರ್ಮಕೇಂದ್ರದ ಸೇವೆಯ ಬಗ್ಗೆಯೂ ಕೇಳುತ್ತಾರೆ. "ಗಾನವೃಂದದಲ್ಲಿ ಹಾಡಿದ್ದಾಳೆ ಅಂತ ಒಂದು ಲೆಟರ್ ಕೊಡಿ ಫಾದರ್" ಎಂದು. ಸಿಇಟಿಗೆ ಆ ಪತ್ರದಿಂದ ಏನೂ ಆಗದು ಎಂದು ಮೊದಲೇ ಹೇಳಿಬಿಡುತ್ತೇವೆ. ಸಂದರ್ಶನ ನಡೆಸುವ ಕಾಲೇಜಿಗಾದರೆ ಸಂತೋಷದಿಂದ ಬರೆಯುತ್ತೇವೆ, ನಿಜವಾಗಿ ಮಾಡಿದ್ದರೆ. ಭಾನುವಾರ ಇನ್ನೂರು ಜನರ ಮುಂದೆ ನಿಂತು ವಾಚನ ಓದಿದ ಹುಡುಗ, ಕ್ರಿಸ್ಮಸ್ ಗೋದಲಿಯ ಕೆಲಸವನ್ನು ಹತ್ತು ಮಕ್ಕಳಿಗೆ ಹಂಚಿ ಜಗಳ ಬಿಡಿಸಿದ ಹುಡುಗಿ, ಇವರು ಕಲಿತದ್ದು ಮುಖದಲ್ಲೇ ಕಾಣುತ್ತದೆ. ಎರಡು ಸಲ ಬಂದು ಹೋದವರಿಗೆ 'ಮೂರು ವರ್ಷದ ಸೇವೆ' ಎಂದು ಬರೆದುಕೊಡಲು ನಮ್ಮಿಂದಾಗದು. ಬೇಸರಿಸಬೇಡಿ.

ಹತ್ತನೇ ತರಗತಿಗೆ ಬಂದ ಕೂಡಲೇ ಎಲ್ಲವನ್ನೂ ನಿಲ್ಲಿಸುವ ಪದ್ಧತಿ ನಮ್ಮಲ್ಲಿದೆ. ಜನವರಿಯಿಂದ ಪರೀಕ್ಷೆಯವರೆಗೆ ನಿಲ್ಲಿಸುವುದು ಸರಿ. ಜೂನ್‌ನಲ್ಲಿಯೇ ಚೆಂಡು ಕಿತ್ತುಕೊಂಡು ಟ್ಯೂಷನ್ನಿಗೆ ಕಟ್ಟಿಹಾಕಿದರೆ, ಎರಡು ವರ್ಷದ ಶ್ರಮ ಅರ್ಧಕ್ಕೆ ನಿಲ್ಲುತ್ತದೆ. ಸಂಜೆ ಐದರಿಂದ ಆರರವರೆಗೆ ಆಡಿದ ಮಗುವಿಗೆ ಏಳು ಗಂಟೆಯ ಓದು ತಲೆಗೆ ಹತ್ತುತ್ತದೆ. ಇದನ್ನು ನೀವೇ ಮನೆಯಲ್ಲಿ ಪರೀಕ್ಷಿಸಿ ನೋಡಬಹುದು.

ಕಡೆಯದಾಗಿ ಕಾಗದಪತ್ರ. ಎಷ್ಟೇ ದೊಡ್ಡ ಸಾಧನೆಯಾದರೂ ವಿಶೇಷ ವರ್ಗದ ದಾಖಲೆಗಳನ್ನು ಪ್ರಾಧಿಕಾರ ಹೇಳಿದ ದಿನಾಂಕದಂದು ಮೂಲಪ್ರತಿಯೊಂದಿಗೆ ತೋರಿಸಬೇಕು. ಲ್ಯಾಮಿನೇಷನ್ ಮಾಡಿಸಬೇಡಿ, ಹಿಂಬದಿಯಲ್ಲಿ ಸಹಿ, ಮೊಹರು ಬೇಕಾದೀತು. ಎಲ್ಲಕ್ಕಿಂತ ಹೆಚ್ಚಾಗಿ ಹೆಸರು ನೋಡಿ. ನಮ್ಮ ಮಕ್ಕಳಿಗೆ ಜ್ಞಾನಸ್ನಾನದ ಪುಸ್ತಕದಲ್ಲಿ ಒಂದು ಹೆಸರು, ಶಾಲೆಯಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು. ಜೋಸೆಫ್ ಒಂದು ಕಡೆ ಜೋಸೆಪ್, ಮತ್ತೊಂದು ಕಡೆ ಜೋಸ್. ತಂದೆಯ ಹೆಸರು ಒಂದರಲ್ಲಿ ಮುಂದೆ, ಒಂದರಲ್ಲಿ ಹಿಂದೆ, ಒಂದರಲ್ಲಿ ಬರೀ ಇನಿಷಿಯಲ್. ಎನ್‌ಸಿಸಿ ದಾಖಲೆಯಲ್ಲಿರುವ ಹುಡುಗ ಮತ್ತು ಅಂಕಪಟ್ಟಿಯಲ್ಲಿರುವ ಹುಡುಗ ಒಬ್ಬನೇ ಎಂದು ಸಾಬೀತು ಮಾಡಲು ಅಫಿಡವಿಟ್ ಹಿಡಿದು ಓಡಾಡುವ ತಂದೆಯನ್ನು ಕಂಡರೆ ಹೊಟ್ಟೆ ಉರಿಯುತ್ತದೆ. ಈ ರಜೆಯಲ್ಲಿ ಎಲ್ಲ ದಾಖಲೆಗಳನ್ನೂ ಮೇಜಿನ ಮೇಲೆ ಹರಡಿ ಒಂದೊಂದೇ ಅಕ್ಷರ ಹೋಲಿಸಿ. ಜ್ಞಾನಸ್ನಾನದ ಪ್ರತಿ ಬೇಕಾದವರು ಧರ್ಮಕೇಂದ್ರದ ಕಚೇರಿಗೆ ಬನ್ನಿ. ಶಾಲೆಯ ದಾಖಲೆಯಲ್ಲಿ ತಪ್ಪಿದ್ದರೆ ಮುಖ್ಯೋಪಾಧ್ಯಾಯರಿಗೆ ಶಾಲೆ ಶುರುವಾದ ವಾರವೇ ಅರ್ಜಿ ಕೊಡಿ. ಹತ್ತನೇ ತರಗತಿಯ ಪರೀಕ್ಷಾ ನೋಂದಣಿಗೆ ಹೆಸರು ಹೋದ ಮೇಲೆ ತಿದ್ದುಪಡಿ ಬಹಳ ತ್ರಾಸದ ಕೆಲಸ.